ಖಾಲಿ ಎಂದು ಬರೆದ ಗುಡ್ಡ

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಮುಂಬಯಿಯ ಕುರ್ಲಾದ ನಮ್ಮ ಚಾಳಿನಲ್ಲಿ ಎಲ್ಲರಿಗೂ ಗೊತ್ತು. ನಲ್ಲಿಯ ಸಾಲಿನಲ್ಲಿ ನುಗ್ಗಿದವನ ತಲೆಯನ್ನು ಕೊಡಪಾನದಿಂದಲೇ ಒಡೆದವನು ನಾನು. ಆದರೆ ಎಡಹುಬ್ಬಿನ ಮೇಲಿನ ಈ ಗಾಯದ ಗುರುತು ಅಂಥ ಜಗಳದ್ದಲ್ಲ, ಉದ್ಯೋಗದ್ದು.

ಪ್ರಾದೇಶಿಕ ಅಭಿವೃದ್ಧಿ ಯೋಜನೆಗೆ ನಕಾಶೆ ಮಾಡಿಕೊಡುವ ಒಂದು ಖಾಸಗಿ ಕಚೇರಿಯಲ್ಲಿ ನಾನು ಸರ್ವೇ ಕೆಲಸಕ್ಕಿದ್ದೆ. ಹೊಸ ಮನೆಗಳು ಎಲ್ಲಿ ಬರಬೇಕೆಂದು ತೀರ್ಮಾನಿಸುವವರು ದೊಡ್ಡವರು. ಅವರು ಜಾಗ ನೋಡುವುದಿಲ್ಲ, ನಾವು ತಂದ ಹಾಳೆ ನೋಡುತ್ತಾರೆ. ಹಾಳೆಯಲ್ಲಿ ಜನ ಇದ್ದಾರೆಂದು ಬರೆದಿದ್ದರೆ ಅವರಿಗೂ ಹೊಸ ಬಿಲ್ಡಿಂಗಿನಲ್ಲಿ ಖೋಲಿ ಕೇಳುವ ದಾರಿ ಇರುತ್ತದೆ. ಖಾಲಿ ಎಂದಿದ್ದರೆ ಇಲ್ಲ.

ಒಂದು ಮೇ ತಿಂಗಳ ಮಧ್ಯಾಹ್ನ ಟೇಪು ಹಿಡಿದು ಭಾಂಡುಪ್‌ನ ಗುಡ್ಡ ಹತ್ತಿದೆ. ಇಳಿಜಾರಿನಲ್ಲಿ ಬಿದಿರಿನ ಗೂಟಗಳಿದ್ದವು, ಮೂರು ಕಲ್ಲಿನ ಒಲೆಗಳಿದ್ದವು, ಗುಡಿಸಲು ಮಾತ್ರ ಒಂದೂ ಇರಲಿಲ್ಲ. ಒಲೆಯ ಬೂದಿ ಮುಟ್ಟಿದೆ. ಬಿಸಿ ಇತ್ತು. ಪೊದೆಯ ಹಿಂದೆ ಒಬ್ಬ ಹೆಂಗಸು ನೀಲಿ ತಾಡಪತ್ರಿ ಮಡಚಿ ಎದೆಗವಚಿಕೊಂಡು ಕುಳಿತಿದ್ದಳು. ನಾನು ಫೋನಿನಲ್ಲಿ ಮನೆಯವರೊಡನೆ ಕನ್ನಡ ಮಾತಾಡಿದ್ದು ಕೇಳಿ ಹೊರಬಂದಳು.

“ಒಡಿಯಾಕ ಬಂದೀರೇನ್ರಿ?”

“ಇಲ್ಲ ಮಾರಾಯ್ತಿ, ಬರೀಲಿಕ್ಕೆ ಬಂದದ್ದು. ನೀವೆಂತಕ್ಕೆ ಮನೆ ಮಡಚಿದ್ದು?”

“ಟೇಪ್ ಹಿಡದವ್ರು ಬಂದ್ರ ಮಡಚ್ತೀವ್ರಿ. ತಾಡಪತ್ರಿ ಒಯ್ದ್ರ ಮತ್ತ ಎಲ್ಲಿಂದ ತರೂದು?”

ವಿಜಯಪುರದ ಕಡೆಯವಳು. ಮಲಾಡಿನ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತು, ಹತ್ತು ವರ್ಷದಿಂದ ಇಲ್ಲಿ ಸಂಸಾರ. ನಮ್ಮ ಮಾತು ಆಡುವವರು ಎಂದು ಅದೇ ಒಲೆಯಲ್ಲಿ ಚಹಾ ಮಾಡಿ ಕೊಟ್ಟಳು. ಕಾಣಿಸಿಕೊಳ್ಳಬೇಕಾದ ದಿನವೇ ಇವರೆಲ್ಲ ಅಡಗಿದ್ದಾರೆಂದು ನನಗೆ ಸಿಟ್ಟು ಬಂತು. “ಇವತ್ತು ಕಟ್ಟಿ ಮಾರಾಯ್ತಿ, ನಾನು ಬರಕೊಳ್ತೇನೆ” ಎಂದೆ. ಅವಳು ಎಲ್ಲರನ್ನೂ ಕರೆಯಲು ಮೇಲೆ ಓಡಿದಳು.

ಅಷ್ಟರಲ್ಲಿ ಕೆಳಗಿನ ರಸ್ತೆಯಿಂದ ನಮ್ಮ ಕಚೇರಿಯ ಸಾಹೇಬರ ಫೋನು. “ಖಾಲಿ ಹೈ ನಾ? ಖಾಲಿ ಲಿಖ್ ದೋ, ಔರ್ ದೋ ಜಗಹ್ ಜಾನಾ ಹೈ.” ಇನ್ನೂ ಎರಡು ಕಡೆಗೆ ಹೋಗುವುದಿತ್ತಂತೆ.

ಬಾಯಲ್ಲಿ ಅವಳ ಚಹಾದ ರುಚಿ ಇರುವಾಗಲೇ ‘ಖಾಲಿ’ ಎಂದು ಬರೆದು ಇಳಿದುಬಿಟ್ಟೆ. ಬಿಸಿಲಿತ್ತು, ಹಸಿವಾಗಿತ್ತು. ಬೇರೆ ಕಾರಣವಿದ್ದರೆ ಹೇಳುತ್ತಿದ್ದೆ.

ಹಾಳೆ ನೋಡಿ ದೊಡ್ಡವರು ನಕಾಶೆಯಲ್ಲಿ ಗುಡ್ಡಕ್ಕೆ ಹೊಸ ವಸತಿಯ ಹಳದಿ ಬಣ್ಣ ಹಚ್ಚಿದರು. ಎರಡು ಮಳೆಗಾಲ ಕಳೆದ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ಬುಲ್ಡೋಜರ್ ಬಂತು, ಜೊತೆಗೆ ಪೊಲೀಸರು. ಗಡಿ ತೋರಿಸಲು ನನ್ನನ್ನೂ ಕಳಿಸಿದ್ದರು. ಈ ಸಲ ಮಡಚಲು ಯಾರಿಗೂ ಸಮಯ ಸಿಗಲಿಲ್ಲ. ಯಂತ್ರ ಒಲೆ, ಗಡಿಗೆ, ಹಾಸಿಗೆ ಎಲ್ಲವನ್ನೂ ಒಟ್ಟಿಗೆ ಕೆರೆದು ಎಸೆಯಿತು. ಅಡ್ಡ ನಿಂತ ಗಂಡಸೊಬ್ಬನ ಮೊಣಕೈಗೆ ಲಾಠಿ ಬಿದ್ದು ಎಲುಬು ಮುರಿದ ಸದ್ದು ಕೇಳಿಸಿತು. ಅವನು ಇನ್ನೊಂದು ಕೈಯಿಂದ ಪೊಲೀಸನ ಕುತ್ತಿಗೆ ಹಿಡಿದ. ನಾಲ್ಕು ಮಂದಿ ಅವನನ್ನು ಕೆಳಗೆ ಹಾಕಿ ತುಳಿದರು. ಒಬ್ಬ ಮುದುಕಿಯನ್ನು ಜಡೆ ಹಿಡಿದು ಕಲ್ಲಿನ ಮೇಲೆ ಎಳೆದರು. ಎಲ್ಲಿಗೆ ಹೋಯಿತೋ ನನ್ನ ಕೋಪ, ನಕಾಶೆ ಹಿಡಿದು ಗರಬಡಿದವನ ಹಾಗೆ ನಿಂತಿದ್ದೆ.

ಅಂದು ಚಹಾ ಕೊಟ್ಟವಳು ನನ್ನ ಗುರುತು ಹಿಡಿದಳು. ಒಲೆಯ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಬಂದು ನನ್ನ ಹಣೆಗೆ ಬಡಿದಳು. ಬಿದ್ದೆ. ಕಣ್ಣಿಗೆ ರಕ್ತ ಇಳಿಯಿತು. ನನ್ನ ಮೇಲೆ ಬಾಗಿ, ಒಂದಿಷ್ಟೂ ಕೂಗದೆ ಹೇಳಿದಳು:

“ಇಲ್ಲಿ ಯಾರೂ ಇಲ್ಲಂತ ಬರದ್ಯಲ್ಲೋ? ನಿನ್ನ ಬಡದವ್ರೂ ಯಾರೂ ಇಲ್ಲಂತ ಬರಕೋ.”

ಗಲಾಟೆ ತಣ್ಣಗಾದ ಮೇಲೆ ಪೊಲೀಸನೊಬ್ಬ ನನ್ನನ್ನು ಎತ್ತಿ ಕೂರಿಸಿದ. “ಕಿಸನೇ ಮಾರಾ?” ಹೊಡೆದವರು ಯಾರೆಂದು ಕೇಳಿದ. ಅವಳು ನಾಲ್ಕು ಹೆಜ್ಜೆ ದೂರದಲ್ಲಿ ಹರಿದ ತಾಡಪತ್ರಿಯನ್ನು ಮಣ್ಣಿನಿಂದ ಎಳೆಯುತ್ತಿದ್ದಳು. ಓಡಲಿಲ್ಲ. ಎಳೆಯುವುದು ನಿಲ್ಲಿಸಿ ನನ್ನನ್ನೇ ನೋಡಿದಳು.

“ಕೋಯೀ ನಹೀಂ ಥಾ” ಎಂದೆ, ಯಾರೂ ಇರಲಿಲ್ಲ ಎಂದು.

ಅವಳು ತಾಡಪತ್ರಿ ಮಡಚಿ ತಲೆಯ ಮೇಲಿಟ್ಟುಕೊಂಡು ಗುಡ್ಡ ಇಳಿದಳು.