ಓದದೆ ಹಾಕಿದ ಸಹಿ

2007ರಲ್ಲಿ ನಾನು ಶಿಕಾಗೊ ನಗರದ ಪಶ್ಚಿಮಕ್ಕೆ, ನೇಪರ್‌ವಿಲ್ ಹತ್ತಿರದ ಮಧ್ಯಮ ಗಾತ್ರದ ಆಸ್ಪತ್ರೆಯೊಂದರಲ್ಲಿ ಹೆರಿಗೆ ವಿಭಾಗದ ಹಿರಿಯ ವೈದ್ಯೆಯಾಗಿದ್ದೆ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಡೆಟ್ರಾಯಿಟ್‌ನಲ್ಲಿ ನಾಲ್ಕು ವರ್ಷ ರೆಸಿಡೆನ್ಸಿ, ಅಂದರೆ ತಜ್ಞ ತರಬೇತಿ, ಮಾಡಿ, 1983ರಲ್ಲಿ ಇಲ್ಲಿಗೆ ಬಂದವಳು. ಈ ಕೇಸಿನ ಬಗ್ಗೆ ಬರೆಯಲು ಆ ಪೇಷಂಟ್ ನನಗೆ ಅನುಮತಿ ಕೊಟ್ಟಿದ್ದಾಳೆ. ಹೆಸರುಗಳನ್ನು ಬದಲಿಸಿದ್ದೇನೆ. ಸಮಯಗಳನ್ನು ಬದಲಿಸಿಲ್ಲ, ಅವು ಆ ದಿನ ನಾನೇ ಬರೆದಿಟ್ಟುಕೊಂಡ ಟಿಪ್ಪಣಿಯಲ್ಲಿ ಇರುವ ಹಾಗೆಯೇ ಇವೆ.

ಮೊದಲು ಆಸ್ಪತ್ರೆಯ ವಿಷಯ ಹೇಳಬೇಕು. 2006ರಲ್ಲಿ ನಮ್ಮ ಆಸ್ಪತ್ರೆ ಒಂದು ಧಾರ್ಮಿಕ ಸಂಸ್ಥೆಯ ಆಡಳಿತಕ್ಕೆ ಸೇರಿತು. ಗೋಡೆಯ ಬಣ್ಣ, ನರ್ಸ್‌ಗಳು, ಕೆಫೆಟೇರಿಯಾದ ಸೂಪು ಎಲ್ಲ ಹಾಗೇ ಇದ್ದವು. ಒಂದು ನಿಯಮ ಮಾತ್ರ ಹೊಸದಾಗಿ ಬಂತು. ಗರ್ಭದಲ್ಲಿರುವ ಮಗುವಿನ ಹೃದಯ ಬಡಿಯುತ್ತಿದ್ದರೆ, ಆ ಮಗು ಬದುಕುವ ಸಾಧ್ಯತೆ ಇರಲಿ ಇಲ್ಲದಿರಲಿ, ಗರ್ಭವನ್ನು ಖಾಲಿ ಮಾಡುವ ಮುನ್ನ ಮೂರು ಜನರ ನೀತಿ ಸಮಿತಿ ಒಪ್ಪಬೇಕು. ಒಪ್ಪಿದರೆ ಒಂದು ನಂಬರ್ ಕೊಡುತ್ತಾರೆ. ಆ ನಂಬರ್ ಹಾಕದೆ ಫಾರ್ಮಸಿಯ ಕಂಪ್ಯೂಟರ್ ಔಷಧ ಬಿಡುವುದಿಲ್ಲ. ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿದ್ದರೆ ವಿನಾಯಿತಿ ಇತ್ತು. 'ತಕ್ಷಣ' ಎಂದರೆ ಯಾವಾಗ ಎನ್ನುವುದನ್ನೂ ಅದೇ ಸಮಿತಿ ತೀರ್ಮಾನಿಸುತ್ತಿತ್ತು. ನಾವು ವೈದ್ಯರೆಲ್ಲ ಗೊಣಗಿದೆವು, ಮತ್ತೆ ಸುಮ್ಮನಾದೆವು.

ಎರಡನೆಯದು ಪತ್ರದ ವಿಷಯ. ಆಗ ಇಲ್ಲಿ ವೈದ್ಯರು ಸೇರಿದಲ್ಲೆಲ್ಲ ಮಾಲ್‌ಪ್ರಾಕ್ಟೀಸ್ ವಿಮೆಯದೇ ಮಾತು. ರೋಗಿ ನಮ್ಮ ಮೇಲೆ ದಾವೆ ಹಾಕಿದರೆ ಪರಿಹಾರ ಕೊಡುವ ವಿಮೆ ಅದು. ಹೆರಿಗೆ ವೈದ್ಯರ ಪ್ರೀಮಿಯಂ ಎಲ್ಲರಿಗಿಂತ ಹೆಚ್ಚು. ಪರಿಹಾರಕ್ಕೆ ಮಿತಿ ಹಾಕಿದ್ದ ನಮ್ಮ ರಾಜ್ಯದ ಕಾನೂನು ಕೋರ್ಟಿನಲ್ಲಿ ಉಳಿಯುವುದೋ ಇಲ್ಲವೋ ಎನ್ನುವ ಭಯವಿತ್ತು. ಅಧ್ಯಕ್ಷ ಚುನಾವಣೆಯ ಪ್ರೈಮರಿ, ಅಂದರೆ ಪಕ್ಷದೊಳಗಿನ ಆಯ್ಕೆ, ಹತ್ತಿರವಾಗುತ್ತಿತ್ತು. ಸ್ಪರ್ಧಿಗಳಲ್ಲಿ ಒಬ್ಬ ಇಡೀ ದೇಶಕ್ಕೇ ಅಂಥ ಮಿತಿ ತರುತ್ತೇನೆ ಎಂದು ಭಾಷಣ ಮಾಡುತ್ತಿದ್ದ. ಅದೇ ಭಾಷಣಗಳಲ್ಲಿ ದೇಶದ ಕಾನೂನು ದೇವರ ಕಾನೂನಿಗೆ ತಲೆಬಾಗಬೇಕು ಎಂದೂ ಹೇಳುತ್ತಿದ್ದ. ನಾವು ಮೊದಲನೆಯದನ್ನು ಕಿವಿಗೊಟ್ಟು ಕೇಳಿದೆವು. ಅವನ ಹೆಸರು ಇಲ್ಲಿ ಬೇಡ. ಅಂಥವನು ಆ ಸಲವೂ ಅವನೊಬ್ಬನೇ ಇರಲಿಲ್ಲ.

ಅಕ್ಟೋಬರ್‌ನ ಒಂದು ಭಾನುವಾರ ಮಧ್ಯಾಹ್ನ, ಓಕ್ ಬ್ರೂಕ್‌ನಲ್ಲಿ ಅರಿವಳಿಕೆ ತಜ್ಞ ರಘುನಾಥ್ ಅವರ ಮನೆಯಲ್ಲಿ ಇಪ್ಪತ್ತೊಂದು ಮಂದಿ ವೈದ್ಯರು ಸೇರಿದ್ದೆವು; ಹೆಚ್ಚಿನವರು ಕನ್ನಡಿಗರು. ಬಿಸಿಬೇಳೆಭಾತ್ ಆದಮೇಲೆ ನಮ್ಮ ಆಸ್ಪತ್ರೆಯ ಸರ್ಜನ್ ಡಾ. ಕೀಲರ್ ಬಂದರು. ಅವರು ಆ ಅಭ್ಯರ್ಥಿಯ ಪರವಾಗಿ ವೈದ್ಯರನ್ನು ಸೇರಿಸುತ್ತಿದ್ದರು. ನಮ್ಮ ನೀತಿ ಸಮಿತಿಯ ಅಧ್ಯಕ್ಷರೂ ಅವರೇ. ಹತ್ತು ನಿಮಿಷ ವಿಮೆಯ ಬಗ್ಗೆ ಮಾತಾಡಿ ಬೆಂಬಲ ಪತ್ರವನ್ನು ಮೇಜಿನ ಮೇಲಿಟ್ಟರು. ಎರಡು ಪುಟ. ಸಹಿಗೆ ಜಾಗ ಎರಡನೆಯ ಪುಟದ ಕೆಳಗೆ.

ರಘುನಾಥ್ ಮಗಳು ಅಂಜಲಿ ಕಾಲೇಜಿನ ಮೂರನೆಯ ವರ್ಷದಲ್ಲಿದ್ದಳು. ನನ್ನ ಪಕ್ಕದಲ್ಲಿ ನಿಂತು ಕಾಗದವನ್ನು ಎತ್ತಿಕೊಂಡು ಓದಿದಳು. ನಂತರ ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು.

"ಆಂಟಿ, ಡಿಡ್ ಯು ರೀಡ್ ದಿಸ್ ಪಾರ್ಟ್?"

"ಅಂಜು, ನಿನ್ನ ಲಾ ಸ್ಕೂಲ್ ಇನ್ನೂ ಶುರುವಾಗಿಲ್ಲ," ಎಂದರು ರಘುನಾಥ್. "ಮೊದ್ಲು ಆಂಟಿಗೆ ಕಾಫಿ ಕೊಡು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕನ್ನಡಕ ಕೈಚೀಲದಲ್ಲಿತ್ತು, ಅದನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ. ಪ್ರತಿ ಆಪರೇಷನ್‌ಗೆ ಮುಂಚೆ ಒಪ್ಪಿಗೆ ಪತ್ರವನ್ನು ಪೇಷಂಟ್ ಕೈಗೆ ಕೊಟ್ಟು, ಪೂರ್ತಿ ಓದಿ, ಆಮೇಲೆ ಸಹಿ ಮಾಡಿ ಎಂದು ಇಪ್ಪತ್ತನಾಲ್ಕು ವರ್ಷ ಹೇಳಿದವಳು ನಾನು. ಒಂದು ಕೈಯಲ್ಲಿ ಕಾಫಿ ಹಿಡಿದುಕೊಂಡೇ ಸಹಿ ಹಾಕಿದೆ.

ಶಾಹೀನ್ ನನ್ನ ಬಳಿ ಬಂದದ್ದು ನವೆಂಬರ್‌ನಲ್ಲಿ. ಇಪ್ಪತ್ತೇಳು ವರ್ಷ, ಮೊದಲ ಬಸಿರು. ಬಿಜಾಪುರದವಳು. ಗಂಡ ಇರ್ಫಾನ್ ಔರೋರಾದಲ್ಲಿ ಸೆಲ್‌ಫೋನ್ ಅಂಗಡಿ ಇಟ್ಟಿದ್ದ. ಕನ್ನಡ ಮಾತಾಡುವ ಡಾಕ್ಟರ್ ಸಿಕ್ಕಿದರೆಂದು ಅವಳಿಗೆ ಖುಷಿ, ನನಗೂ ಖುಷಿಯೇ. ಮೂತ್ರ ಪರೀಕ್ಷೆಯಿಂದ ಹಿಡಿದು ಅತ್ತೆಯ ಫೋನಿನವರೆಗೆ ಎಲ್ಲವನ್ನೂ ಹೇಳುತ್ತಿದ್ದಳು. ಡಿಸೆಂಬರ್ ಎರಡನೆಯ ವಾರ ಬಂದವಳು ಪರ್ಸ್‌ನಿಂದ ಪತ್ರಿಕೆಯ ತುಂಡೊಂದನ್ನು ತೆಗೆದಳು.

"ಮೇಡಮ್ರೀ, ನಿಮ್ಮ ಹೆಸರು ಪೇಪರಿನ್ಯಾಗ ಬಂದೈತ್ರಿ. ಇನ್ನೊಂದು ಫ್ರಿಜ್ ಮ್ಯಾಲ ಹಚ್ಚೀವಿ. ನಮ್ಮ ಕಡೀ ಹೆಸರು ನೋಡಿದ್ರ ಏನೋ ಒಂದ್ ಧೈರ್ಯ."

ಅದು ಆ ಬೆಂಬಲ ಪತ್ರ. ಸ್ಥಳೀಯ ಪತ್ರಿಕೆಯಲ್ಲಿ ಅರ್ಧ ಪುಟದ ಜಾಹೀರಾತಾಗಿ ಬಂದಿತ್ತು. ಅವಳು ಅದನ್ನು ನನಗೇ ಕೊಟ್ಟು ಹೋದಮೇಲೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಮೊದಲ ಭಾಗ ವಿಮೆ. ಎರಡನೆಯ ಭಾಗದಲ್ಲಿ ಹೀಗಿತ್ತು: ಹೃದಯ ಬಡಿತವಿರುವ ತನಕ ದೇಶದ ಯಾವ ಆಸ್ಪತ್ರೆಯೂ ಗರ್ಭಕ್ಕೆ ಕೈಹಾಕಬಾರದು, ಅದು ರಾಷ್ಟ್ರದ ಕಾನೂನಾಗಬೇಕು, ವೈದ್ಯರಾದ ನಾವು ಇದನ್ನು ಆತ್ಮಸಾಕ್ಷಿಯಿಂದ ಒಪ್ಪುತ್ತೇವೆ. ಕೆಳಗೆ ಇಪ್ಪತ್ತೆರಡು ಹೆಸರು. ನನ್ನದು ಒಂಬತ್ತನೆಯದು.

ರಘುನಾಥ್‌ಗೆ ಫೋನ್ ಮಾಡಿದೆ. ಅವರು ಆಕಳಿಸಿದರು.

"ಸುಮತಿ, ಅದು ಅವರ ಮನೆ ಪೂಜೆ. ನಮಗ್ಯಾಕೆ? ನಮಗೆ ಪ್ರೀಮಿಯಂ ಇಳಿದ್ರೆ ಸಾಕು. ಅಷ್ಟಕ್ಕೂ ಅವನೇನು ಗೆಲ್ತಾನಾ?"

ನಾನು ಫೋನ್ ಇಟ್ಟೆ. ಹೆಸರು ತೆಗೆಯಿರಿ ಎಂದು ಯಾರಿಗೂ ಬರೆಯಲಿಲ್ಲ. ರಜೆ ಬಂತು, ಹಿಮ ಬಿತ್ತು, ಕೆಲಸವಿತ್ತು.

ಜನವರಿ ಮೂರನೆಯ ವಾರ, ಮಂಗಳವಾರ. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ಮೂಳೆ ಕೊರೆಯುವ ಚಳಿ. ಬೆಳಿಗ್ಗೆ 8:10ಕ್ಕೆ ಇರ್ಫಾನ್ ಶಾಹೀನಳನ್ನು ಕರೆತಂದ. ಹದಿನೆಂಟು ವಾರ ಆಗಿತ್ತು. ಅವಧಿಗೆ ಮುನ್ನವೇ ಗರ್ಭದ ನೀರಿನ ಚೀಲ ಒಡೆದಿತ್ತು. ಅಲ್ಟ್ರಾಸೌಂಡ್‌ನಲ್ಲಿ ಮಗುವಿನ ಸುತ್ತ ನೀರೇ ಇರಲಿಲ್ಲ. ಹೃದಯ ಬಡಿಯುತ್ತಿತ್ತು, ನಿಮಿಷಕ್ಕೆ 152. ಹದಿನೆಂಟು ವಾರಕ್ಕೆ ಹುಟ್ಟುವ ಮಗುವನ್ನು ಯಾವ ಆಸ್ಪತ್ರೆಯೂ ಉಳಿಸಲಾರದು. ನೀರು ಹೋದ ಗರ್ಭದೊಳಕ್ಕೆ ಸೋಂಕು ಬೇಗ ಏರುತ್ತದೆ. ತಾಯಿಗೆ ಎರಡೂ ದಾರಿ ವಿವರಿಸಿ, ಅವಳು ಬಯಸಿದರೆ ಹೆರಿಗೆ ಬರಿಸಿ ಗರ್ಭ ಖಾಲಿ ಮಾಡುವುದು ನಾನು ಕಲಿತ ಕ್ರಮ. ಶಾಹೀನಳ ಜ್ವರ ಆಗ 99.6, ನಾಡಿ 108. ಆ್ಯಂಟಿಬಯಾಟಿಕ್ ಶುರು ಮಾಡಿದೆ. ಇಬ್ಬರನ್ನೂ ಕೂರಿಸಿ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಅತ್ತಳು, ಇರ್ಫಾನ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಆಮೇಲೆ ಅವಳೇ ಹೇಳಿದಳು.

"ಉಳಿಯಾಂಗಿಲ್ಲ ಅಂದ್ರ ಬ್ಯಾಡ್ರಿ. ನನ್ನ ಉಳಸ್ರಿ. ಮುಂದ ಇನ್ನೊಂದ್ ಆದೀತು."

9:40ಕ್ಕೆ ನಾನು ಕೀಲರ್ ಅವರ ಕೋಣೆಯಲ್ಲಿದ್ದೆ. ಅವರು ಚಾರ್ಟ್ ನೋಡಿದರು. ಜ್ವರ 100.4 ದಾಟಿಲ್ಲ, ಹಾಗಾಗಿ ಸೋಂಕು ಎನ್ನಲಾಗದು, ಹೃದಯ ಬಡಿಯುತ್ತಿದೆ, ಕಾಯಿರಿ ಎಂದರು. ಕಾಯುವುದರಿಂದ ಆ ಮಗುವಿಗೆ ಏನೂ ಸಿಗುವುದಿಲ್ಲ, ತಾಯಿಯನ್ನು ಕಳೆದುಕೊಳ್ಳಬಹುದು ಎಂದು ನಾನು ಹೇಳಿದೆ. ಅವರು ನನ್ನನ್ನು ಗದರಿಸಲಿಲ್ಲ. ಅವರ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ಅವರ ಮೇಜಿನ ಹಿಂದೆ, ಚೌಕಟ್ಟಿನಲ್ಲಿ, ಆ ಅರ್ಧ ಪುಟ ತೂಗುತ್ತಿತ್ತು.

"ಸುಮತಿ, ಆತ್ಮಸಾಕ್ಷಿಯಿಂದ ಒಪ್ಪುತ್ತೇನೆ ಅಂತ ನೀವೇ ಬರೆದು ಕೊಟ್ಟಿದ್ದೀರಿ. ಈಗ ನಿಮ್ಮ ಊರಿನವಳು ಅಂತ ಬೇರೆ ನಿಯಮವೇ?"

ನಾನು ಏನೂ ಹೇಳಲಿಲ್ಲ. ಇದನ್ನು ಎಷ್ಟೋ ಸಲ ಬೇರೆ ಥರ ನೆನಪಿಸಿಕೊಳ್ಳಲು ನೋಡಿದ್ದೇನೆ. ಓದಿರಲಿಲ್ಲ ಎಂದು ಹೇಳಬಹುದಿತ್ತು, ಅವಮಾನವಾಗುತ್ತಿತ್ತು, ಅಷ್ಟೇ. ಅಲ್ಲಿಂದಲೇ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಫೋನ್ ಮಾಡಬಹುದಿತ್ತು. ಮೂವತ್ತೊಂದು ಮೈಲಿ ದೂರ, ಅಲ್ಲಿ ಸಮಿತಿ ಇಲ್ಲ, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಾನು ಎದ್ದು ಹೊರಗೆ ಬಂದೆ. ಇನ್ನಷ್ಟು ರಕ್ತಪರೀಕ್ಷೆ ಬರೆದೆ. ಗಂಟೆಗೊಂದು ಸಲ ಜ್ವರ ನೋಡಲು ಹೇಳಿದೆ. ಕೆಲಸ ಮಾಡುತ್ತಿದ್ದೇನೆ ಎಂದು ನನಗೆ ನಾನೇ ತೋರಿಸಿಕೊಳ್ಳುತ್ತಿದ್ದೆ.

ಶಾಹೀನಳ ನರ್ಸ್ ಕ್ಯಾರಲ್. ಕೊರಳಲ್ಲಿ ಸದಾ ಶಿಲುಬೆ, ಭಾನುವಾರ ತಪ್ಪದೆ ಚರ್ಚು, ಕಾರಿನ ಹಿಂದೆ ಅದೇ ಅಭ್ಯರ್ಥಿಯ ಸ್ಟಿಕರ್. 1:20ಕ್ಕೆ ಕಾರಿಡಾರಿನಲ್ಲಿ ನನ್ನ ದಾರಿಗೆ ಅಡ್ಡ ನಿಂತಳು. ಜ್ವರ 102.3, ನಾಡಿ 134, ಚಳಿಯಿಂದ ಹಲ್ಲು ಕಟಕಟಿಸುತ್ತಿವೆ.

"ಡಾಕ್ಟರ್, ಅವಳಿಗೋಸ್ಕರ ನಾನು ಬೆಳಿಗ್ಗೆಯಿಂದ ಪ್ರಾರ್ಥನೆ ಮಾಡ್ತಿದೀನಿ. ನೀವು ಏನು ಮಾಡ್ತಿದೀರಿ?"

ಕೀಲರ್ ಈಗ ಒಪ್ಪಿದರು. ಆದರೆ ನಂಬರ್ ಬರಲು ಉಳಿದಿಬ್ಬರೂ ಒಪ್ಪಬೇಕು. ಎರಡನೆಯ ಸದಸ್ಯರು ಆಪರೇಷನ್ ಥಿಯೇಟರಿನಲ್ಲಿದ್ದರು. ಮೂರನೆಯವರು ಪಾದ್ರಿ, ಫೋನ್ ಎತ್ತಲಿಲ್ಲ. ನಂಬರಿಲ್ಲದೆ ಫಾರ್ಮಸಿ ಔಷಧ ಕೊಡಲಿಲ್ಲ. ಅಲ್ಲಿದ್ದ ಹುಡುಗ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ಖಾಲಿ ಚೌಕವನ್ನು ತೋರಿಸಿದ. 1:45ಕ್ಕೆ ನಾನು ನಗರದ ಆಸ್ಪತ್ರೆಗೆ ಫೋನ್ ಮಾಡಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಆ ಕಡೆಯ ವೈದ್ಯೆ ಹೆಚ್ಚು ಕೇಳಲಿಲ್ಲ, ಕಳಿಸಿ ಎಂದಳು. 9:40ಕ್ಕೂ ಅವಳು ಅದನ್ನೇ ಹೇಳುತ್ತಿದ್ದಳು.

ಆ್ಯಂಬುಲೆನ್ಸ್‌ನಲ್ಲಿ ನಾನೂ ಹೋದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಹಿಮ ಕರಗಲೆಂದು ಉಪ್ಪು ಎರಚುವ ಲಾರಿಗಳು ಎದುರಿದ್ದವು. ಶಾಹೀನಳ ರಕ್ತದೊತ್ತಡ ಇಳಿಯುತ್ತಿತ್ತು. ಸೆಪ್ಸಿಸ್ ಶುರುವಾಗಿತ್ತು, ಅಂದರೆ ಸೋಂಕು ರಕ್ತಕ್ಕಿಳಿದು ಇಡೀ ಮೈಯನ್ನು ಹಿಡಿಯುತ್ತಿತ್ತು. ಅವಳು ನನ್ನ ಕೋಟಿನ ತೋಳು ಹಿಡಿದುಕೊಂಡಿದ್ದಳು.

"ಅಕ್ಕಾರ, ನೀವು ಇದೀರಲ್ರಿ. ನನಗೇನೂ ಆಗಾಂಗಿಲ್ಲಲ್ಲ."

ನಾನು ಹೂಂ ಎಂದೆ.

ನಗರದ ಆಸ್ಪತ್ರೆಯಲ್ಲಿ ತಕ್ಷಣ ಗರ್ಭ ಖಾಲಿ ಮಾಡಿದರು. ಅವಳು ಬದುಕಿದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು, ಅದರಲ್ಲಿ ನಾಲ್ಕು ದಿನ ವೆಂಟಿಲೇಟರ್‌ನಲ್ಲಿ. ಸೋಂಕು ತಗುಲಿದ ಗರ್ಭಕೋಶದಿಂದ ರಕ್ತಸ್ರಾವ ನಿಲ್ಲಲಿಲ್ಲ, ಗರ್ಭಕೋಶವನ್ನೇ ತೆಗೆಯಬೇಕಾಯಿತು. ಮುಂದೆ ಇನ್ನೊಂದು ಆದೀತು ಎಂದಿದ್ದಳು. ಆಗುವುದಿಲ್ಲ ಎನ್ನುವುದನ್ನು ಇರ್ಫಾನ್‌ಗೆ ಕನ್ನಡದಲ್ಲಿ ಹೇಳಿದವಳು ನಾನು.

ಫೆಬ್ರವರಿಯಲ್ಲಿ ಪ್ರೈಮರಿ ನಡೆಯಿತು. ಆ ಮನುಷ್ಯ ಆಯ್ಕೆಯಾಗಲಿಲ್ಲ. ರಘುನಾಥ್ ಫೋನ್ ಮಾಡಿ, ನೋಡಿದ್ರಾ, ಸುಮ್ಮನೆ ತಲೆಕೆಡಿಸಿಕೊಂಡಿರಿ ಎಂದರು. ಅವನು ಗೆಲ್ಲಬೇಕಾದ ಅಗತ್ಯವೇ ಇರಲಿಲ್ಲ ಎಂದು ಅವರಿಗೆ ವಿವರಿಸುವ ತಾಳ್ಮೆ ನನಗಿರಲಿಲ್ಲ. ಯಾವನೋ ಒಬ್ಬ ವೇದಿಕೆಯ ಮೇಲೆ ನಿಂತು, ವೈದ್ಯೆಗಿಂತ ತನಗೆ ಹೆಚ್ಚು ಗೊತ್ತು, ದೇವರು ತನಗೆ ಹೇಳಿದ್ದಾನೆ ಎನ್ನುತ್ತಾನೆ. ಓದಿದವರು, ದೊಡ್ಡ ಮನೆಯವರು, ನಮ್ಮಂಥವರು ತಮ್ಮ ಲಾಭದ ಸಾಲನ್ನಷ್ಟೇ ನೋಡಿ ಕೆಳಗೆ ಸಹಿ ಹಾಕುತ್ತೇವೆ. ಆಮೇಲೆ ಕೀಲರ್‌ರಂಥವರ ಗೋಡೆಗೆ ಅದು ಚೌಕಟ್ಟಾಗುತ್ತದೆ. ಕೀಲರ್ ಮೇಲೆ ನನಗೆ ಕೋಪವಿದೆ, ಇಂದಿಗೂ ಇದೆ. ಆದರೆ ಅವರು ಓದಿ ಸಹಿ ಹಾಕಿದ್ದರು. ಆ ಮನೆಯಲ್ಲಿ ಪೂರ್ತಿ ಓದಿದ ಇನ್ನೊಬ್ಬಳು ಅಂಜಲಿ, ಅವಳನ್ನು ನಾವು ಕಾಫಿ ತರಲು ಕಳಿಸಿದೆವು.

ನಾನು ಪತ್ರಿಕೆಗೆ ಬರೆದು ನನ್ನ ಹೆಸರನ್ನು ಹಿಂತೆಗೆದುಕೊಂಡೆ. ಒಳಪುಟದಲ್ಲಿ ಆರು ಸಾಲು ಬಂತು. ಆ ದಿನದ ಸಮಯಗಳನ್ನೆಲ್ಲ, 9:40 ಮತ್ತು 1:45ನ್ನೂ ಸೇರಿಸಿ, ಆಸ್ಪತ್ರೆಯ ಆಡಳಿತ ಮಂಡಳಿಗೆ ಕೊಟ್ಟೆ. ನಿಯಮ ಬದಲಾಗಲಿಲ್ಲ. ಏಪ್ರಿಲ್‌ನಲ್ಲಿ ಅಲ್ಲಿನ ಕೆಲಸ ಬಿಟ್ಟು, ನಿವೃತ್ತಿಯವರೆಗೆ ನಗರದ ಆಸ್ಪತ್ರೆಯಲ್ಲಿ ದುಡಿದೆ.

ಮಾರ್ಚ್‌ನಲ್ಲಿ, ಕೆಲಸ ಬಿಡುವ ಮುನ್ನ, ಶಾಹೀನ್ ಆರು ವಾರದ ತಪಾಸಣೆಗೆ ಬಂದಳು. ಬರುವುದಿಲ್ಲ ಎಂದುಕೊಂಡಿದ್ದೆ. ಗಾಯ ಮಾಗಿತ್ತು. ಬಟ್ಟೆ ಸರಿಮಾಡಿಕೊಂಡು ಕೂತು, ಪರ್ಸ್‌ನಿಂದ ಫ್ರಿಜ್ ಮೇಲಿದ್ದ ಆ ಇನ್ನೊಂದು ತುಂಡನ್ನು ತೆಗೆದು ನಮ್ಮಿಬ್ಬರ ನಡುವೆ ಇಟ್ಟಳು.

"ಈಗ ಪೂರಾ ಓದೀನ್ರಿ. ಒಂದ ಕೇಳ್ತೀನಿ, ಸುಳ್ಳ ಹೇಳಬ್ಯಾಡ್ರಿ. ಇದನ್ನ ಓದಿ ಸಹಿ ಮಾಡಿದ್ರೋ, ಓದದ ಮಾಡಿದ್ರೋ?"

"ಓದದೆ ಮಾಡಿದೆ," ಎಂದೆ. "ನೀನು ತಂದು ತೋರಿಸಿದ ದಿನ ಓದಿದೆ. ಓದಿದ ಮೇಲೂ ಸುಮ್ಮನಿದ್ದೆ."

ಅವಳು ಕಾಗದವನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು.

"ಓದದ ಮಾಡಿದ್ದಕ್ಕ ಮಾಫ್ ಮಾಡೀನಿ, ಅಕ್ಕಾರ. ಸುಮ್ಮ ಕುಂತಿದ್ದಕ್ಕ ಇನ್ನಾ ಆಗವಲ್ದು."

ಅದಾದ ಮೇಲೆ ನನ್ನ ಬಳಿ ಬಂದ ಪ್ರತಿ ಪೇಷಂಟ್‌ಗೂ ಒಪ್ಪಿಗೆ ಪತ್ರವನ್ನು ನಾನೇ ಗಟ್ಟಿಯಾಗಿ, ಕೊನೆಯ ಸಾಲಿನವರೆಗೆ ಓದಿ ಹೇಳುತ್ತಿದ್ದೆ. ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಕಿರಿಯ ವೈದ್ಯರು ಗಡಿಯಾರ ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟೆ. ಮತ ಹಾಕುವ ಮುನ್ನವೂ ಹಾಗೇ ಓದುತ್ತೇನೆ. ನನಗೆ ಬೇಕಾದ ಸಾಲಿನ ಕೆಳಗೆ ಏನಿದೆ, ಅದು ಯಾರ ಮೈಮೇಲೆ ಬೀಳುತ್ತದೆ ಎಂದು. ಮೂವತ್ತು ವರ್ಷದ ವೃತ್ತಿ ಕಲಿಸಿದ ಪಾಠ ಇಷ್ಟು ಸಣ್ಣದು, ಮತ್ತು ಅದರ ಬೆಲೆಯನ್ನು ನಾನು ತೆರಲಿಲ್ಲ.

ಶಾಹೀನ್ ಮತ್ತು ಇರ್ಫಾನ್ ಈಗ ಮಿಷಿಗನ್‌ನ ನಾರ್ತ್‌ವಿಲ್‌ನಲ್ಲಿ, ಅವನ ಅಣ್ಣನ ಮನೆಯ ಹತ್ತಿರ ಇದ್ದಾರೆ. ಪ್ರತಿ ಈದ್‌ಗೆ ಅವಳ ಫೋನ್ ಬರುತ್ತದೆ. ಮಂಡಿನೋವು, ಹವೆ, ಅಂಗಡಿ, ಎಲ್ಲ ಮಾತಾಡುತ್ತೇವೆ. ಸುಮ್ಮನೆ ಕೂತಿದ್ದಕ್ಕೆ ಮಾಫ್ ಮಾಡಲು ಈಗ ಆಗಿದೆಯಾ ಎಂದು ನಾನು ಇದುವರೆಗೆ ಕೇಳಿಲ್ಲ. ಅವಳಾಗಿ ಹೇಳಿಲ್ಲ.