ಒಣ ಬೇಸಿಗೆಯಲ್ಲಿ ತಾಯಿಗಿಡಗಳನ್ನು ಕಾದವರು

ನೀರಿನ ಕೊರತೆಯನ್ನು ಔಷಧಿ ಸಸ್ಯಗಳು ತಾಳಿಕೊಳ್ಳುವ ಬಗೆಯನ್ನು ವೃತ್ತಿಜೀವನದುದ್ದಕ್ಕೂ ಅರಸಿದವರು, ಕಡಲಪಾಚಿಯ ಸತ್ವ, ಎರೆಗೊಬ್ಬರದ ದ್ರವಗಳಂಥ ನೈಸರ್ಗಿಕ ಬೆಳವಣಿಗೆ ವರ್ಧಕಗಳಿಗೆ ನಮ್ಮ ಸಂಶೋಧನಾ ಕೇಂದ್ರದಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರು ನಮ್ಮ ಪ್ರಾಧ್ಯಾಪಕಿಯವರು. ಎಲೆಗಿಂತ ಮೊದಲು ಬೇರನ್ನು ನೋಡುವ ಅವರ ರೂಢಿಯಿಂದಾಗಿ ವಿದ್ಯಾರ್ಥಿಗಳಾದ ನಾವು ಬೆನ್ನ ಹಿಂದೆ ಅವರನ್ನು ‘ಬೇರಮ್ಮ’ ಎನ್ನುತ್ತಿದ್ದೆವು. ಅದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ನನಗೆ ತಿಳಿದದ್ದು ಮಾತ್ರ ಈಗ, ಅವರ ಗೌರವಾರ್ಥ ತರುತ್ತಿರುವ ಈ ಅಭಿನಂದನ ಸಂಪುಟದ ವಿಷಯ ಹೇಳಲು ಹೋದಾಗ.

ಕೆಲಸಕ್ಕೆ ಸೇರಿದಾಗ ಅವರಿಗೆ ಸಿಕ್ಕಿದ್ದು ಉಗ್ರಾಣದ ಪಕ್ಕದ ತಗಡು ಚಾವಣಿಯ ಕೋಣೆ. ಪಾಚಿ ನೆನೆಹಾಕಿದ ಪೀಪಾಯಿಗಳ ವಾಸನೆಗೆ ಸಹೋದ್ಯೋಗಿಗಳು ಮೂಗು ಮುಚ್ಚಿಕೊಂಡೇ ಆ ದಾರಿಯಲ್ಲಿ ಓಡಾಡುತ್ತಿದ್ದರು. ಊಟದ ಡಬ್ಬಿ ತಂದುಕೊಡುತ್ತಿದ್ದ ಅವರ ಯಜಮಾನರು, ಶಾಲೆಯೊಂದರ ಸಂಗೀತದ ಮೇಷ್ಟ್ರು, “ಮನೆ ಕುಂಡಗಳಿಗೆ ನಾನೇ ನೀರು ಹಾಕ್ತೀನಮ್ಮ. ಇವಳ ಕೈಗೆ ಬಿಟ್ರೆ ಅಲ್ಲೂ ಬರಗಾಲದ ಪ್ರಯೋಗ ಶುರುವಾಗುತ್ತೆ” ಎಂದು ನಮ್ಮನ್ನು ನಗಿಸುತ್ತಿದ್ದರು.

ನಾನು ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ತೊಡಗಿದ್ದ ಒಂದು ಬೇಸಿಗೆಯಲ್ಲಿ ಕೇಂದ್ರದ ಕೊಳವೆಬಾವಿ ಬತ್ತಿತು. ಟ್ಯಾಂಕರಿನ ನೀರು ನರ್ಸರಿಯ ಸಸಿಗಳಿಗೇ ಸಾಲದು. ಸಸಿಗಳಿಗೆಲ್ಲ ಮೂಲವಾದ ತಾಯಿಗಿಡಗಳು ಮಧ್ಯಾಹ್ನವಾಗುತ್ತಿದ್ದಂತೆ ಎಲೆ ಜೋಲುಬಿಡತೊಡಗಿದವು. ಅವುಗಳಲ್ಲಿ ಕೆಲವು ಕಾಡಿನಲ್ಲೂ ಮತ್ತೆ ಸಿಗುವಂತಿರಲಿಲ್ಲ. ಪಾಚಿಸತ್ವ ಉಳಿದಿದ್ದದ್ದು ನನ್ನ ಪುದೀನದ ಪ್ರಯೋಗಕ್ಕೆ ಮತ್ತು ಅವರ ಬಡ್ತಿಗೆ ಆಧಾರವಾಗಬೇಕಿದ್ದ ಪ್ರಯೋಗಕ್ಕೆ ಸಾಕಾಗುವಷ್ಟು ಮಾತ್ರ.

“ತಾಯಿಗಿಡಗಳಿಗೆ ನನ್ನ ಪಾಲಿನ ಸತ್ವ ತಗೊಳ್ಳಿ ಮೇಡಂ” ಎಂದೆ.

“ಸುಮ್ನಿರಮ್ಮ. ನಿಂದು ಅರ್ಧಕ್ಕೆ ನಿಂತ್ರೆ ನಿನ್ನ ವರ್ಷಾನೇ ಹೋಗುತ್ತೆ. ನನ್ನದನ್ನ ಇನ್ನೊಂದು ಸಲ ಮಾಡಿದ್ರಾಯ್ತು.”

“ಇದು ಆ ಗಿಡಗಳಿಗೆ ಒಗ್ಗುತ್ತಾ?”

“ಗೊತ್ತಿಲ್ಲ. ಅದಕ್ಕೇ ಭಯ.”

ಮರುದಿನ ಬೆಳಗ್ಗೆ ತಮ್ಮ ಪಾಲಿನ ಸತ್ವವನ್ನು ತಾವೇ ನೀರಿನಲ್ಲಿ ತೆಳುವಾಗಿ ಬೆರೆಸಿ, ಗಿಡಗಳಿಗೆ ಸಿಂಪಡಿಸಿ, ಬುಡಕ್ಕೂ ಹನಿಸಿ, ಮೇಲೆ ಒಣಗಿದ ತರಗು ಮುಚ್ಚಿದರು. ಹೆಚ್ಚಿನ ಸಂಖ್ಯೆಯಲ್ಲಿದ್ದ ಜಾತಿಗಳಲ್ಲಿ ಕೆಲವು ಗಿಡಗಳನ್ನು ಮಾತ್ರ, ಹೋಲಿಸಿ ನೋಡಲೆಂದು, ಸತ್ವ ಹಾಕದೆ ಬಿಟ್ಟರು. ಅವು ಒಂದೊಂದಾಗಿ ಕಂದಿದಾಗ ಅವರು ನೋಟ ಬೇರೆಡೆ ತಿರುಗಿಸಿದ್ದನ್ನು ನಾನು ಕಂಡಿದ್ದೇನೆ. ಉಳಿದವು ಎಲೆ ಮುದುಡಿಕೊಂಡರೂ ಪ್ರಾಣ ಬಿಡಲಿಲ್ಲ. ಕೊನೆಗೆ ಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸಿ ನೀರು ಬಂದಾಗ ಗೆಣ್ಣುಗೆಣ್ಣಿನಲ್ಲೂ ಚಿಗುರು ಕಾಣಿಸಿತು.

ಆದರೂ ಅವರು ಸಂಭ್ರಮಿಸಲಿಲ್ಲ. “ಹಸಿರಾಗಿದ್ರೆ ಸಾಕಾ? ಔಷಧಿ ಗುಣ ಇಲ್ದಿದ್ರೆ ಅದು ಬರೀ ಸೊಪ್ಪು” ಎಂದು ಕೇಂದ್ರದ ನಿರ್ದೇಶಕರು ಕೇಳಿದ್ದ ಪ್ರಶ್ನೆ ನ್ಯಾಯವಾದದ್ದೆಂದು ಒಪ್ಪಿ, ಎಲೆಗಳನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಪ್ರಯೋಗಾಲಯದ ರಸಾಯನಶಾಸ್ತ್ರಜ್ಞರು ದಾರಿಯ ಆ ತುದಿಯಿಂದಲೇ ಕೂಗಿದರು: “ಗುಣ ಎಲ್ಲೂ ಹೋಗಿಲ್ಲ ಮೇಡಂ! ಕೆಲವದ್ರಲ್ಲಿ ಚೂರು ಜಾಸ್ತೀನೇ ಇದೆ!”

ಮೇಡಂ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತು ನೀರು ಕೇಳಿದರು. ಚೊಂಬನ್ನು ಕೆಳಗಿಳಿಸದೆ ಕುಡಿದು, “ಇಷ್ಟು ದಿನ ಆ ಗಿಡಗಳ ಮುಂದೆ ನೀರು ಕುಡಿಯೋಕೂ ಸಂಕೋಚ ಆಗ್ತಿತ್ತು ಕಣಮ್ಮ” ಎಂದರು. ಅವರು ನಗುತ್ತಿದ್ದರು, ಕಣ್ಣು ಮಾತ್ರ ತುಂಬಿತ್ತು.

ನನ್ನ ಪ್ರಬಂಧ ಸಕಾಲಕ್ಕೆ ಮುಗಿಯಿತು. ಅವರ ಬಡ್ತಿ ತಡವಾಯಿತು, ಕಿರಿಯರೊಬ್ಬರು ಅವರಿಗಿಂತ ಮೊದಲೇ ಮೇಲೇರಿದರು. ಅದನ್ನು ಅವರು ಎಂದೂ ಆಡಿ ತೋರಿಸಲಿಲ್ಲ. ಇಂದು ಬೇಸಿಗೆಗೆ ಮುನ್ನ ಪಾಚಿಸತ್ವ ಸಿಂಪಡಿಸುವ ಬೆಳೆಗಾರರು ನೂರಾರು ಮಂದಿ. ಅವರಲ್ಲಿ ಎಷ್ಟೋ ಜನರ ತೋಟದಲ್ಲಿ ಬೆಳೆದಿರುವುದು ಆ ತಾಯಿಗಿಡಗಳ ಸಂತಾನವೇ.

“ನಿವೃತ್ತಿ ಆಗಿರೋದು ಸಂಬಳಕ್ಕೆ, ನಂಗಲ್ಲ” ಎನ್ನುವ ಈ ಗುರುವಿಗೆ ವಿಶ್ರಾಂತಿಯನ್ನು ಹಾರೈಸುವ ಧೈರ್ಯ ನನಗಿಲ್ಲ. ಮಣ್ಣಿನಲ್ಲಿ ಮಂಡಿಯೂರಿ ಕುಳಿತು ಯಾರ ಆಸರೆಯೂ ಇಲ್ಲದೆ ಎದ್ದು ನಿಲ್ಲುವ ಕಸುವು ಅವರಿಗೆ ಬಹುಕಾಲ ಇರಲಿ; ಉತ್ತರ ಸಿಗದ ಪ್ರಶ್ನೆಗಳು ಅವರ ಪಾಲಿಗೆ ಇನ್ನೂ ಧಾರಾಳವಾಗಿ ಉಳಿದಿರಲಿ.