ಕುಂಚಿಗೆ ಮಾರಿದ ಮೊದಲ ದಿನ

ಮಕ್ಕಳೇ, ಮನೆಗೆ ಬೀಗರು ಬಂದರೆ ಅಡುಗೆಮನೆ ಬಿಟ್ಟು ಹೊರಬರದ ಅಜ್ಜಿ, ಮೇಳದಲ್ಲಿ ಗುರುತಿಲ್ಲದವರ ಜೊತೆ ಅಷ್ಟೆಲ್ಲ ಹೇಗೆ ಮಾತಾಡುತ್ತಾಳೆ ಎಂದು ನೀವು ನಗುತ್ತೀರಿ. ಮೊದಲ ಸಲ ಹೋದಾಗ ಮಧ್ಯಾಹ್ನದವರೆಗೂ ನಾನು ಗಿರಾಕಿಗಳೆದುರು ತುಟಿ ಬಿಚ್ಚಿರಲಿಲ್ಲ. ಆ ದಿನದ ಕತೆ ಹೇಳುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಕುಂಚಿಗೆ ಹೊಲಿಯಲು ಕೂತೆ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಬಟ್ಟೆಯ ತುಂಡುಗಳಿಗೆ ಬರವಿಲ್ಲ. ಕೂಸಿನ ತಲೆ, ಕಿವಿ ಮುಚ್ಚಿ ಬೆನ್ನ ಮೇಲೆ ಇಳಿಯುವಂತೆ ಹೊಲಿದು, ಗದ್ದದ ಕೆಳಗೆ ಕಟ್ಟಲು ಎರಡು ಕಸಿ ಇಡುತ್ತಿದ್ದೆ. ನಮ್ಮ ಮಹಿಳಾ ಸಂಘದವರು ಅವನ್ನು ನೋಡಿ, ಜಮಖಂಡಿಯಲ್ಲಿ ಕೈಕೆಲಸದ ಸಾಮಾನುಗಳ ಮೇಳವಿದೆ, ಬಾ ಎಂದು ಎಬ್ಬಿಸಿಕೊಂಡು ಹೋದರು.

ನನಗೆ ಮಾತಿನ ಹೆದರಿಕೆ ಇದ್ದದ್ದು ನಿಜ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಹೆಸರಿಡುವ ದಿನ ಕೂಸಿಗೆ ಕುಂಚಿಗೆ ತೊಡಿಸುವವರು ಮುತ್ತೈದೆಯರು. ಮಾರುವವಳ ಬರಿ ಹಣೆ ಕಂಡರೆ ಯಾರು ಕೊಂಡಾರು? ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೂ ಇಂಥ ಶುಭಕಾರ್ಯಗಳಲ್ಲಿ ನಾನಾಗಿಯೇ ಹಿಂದೆ ಸರಿದು ರೂಢಿಯಾಗಿತ್ತು.

ನನ್ನ ಜೊತೆಗೆ ಕೂತವಳು ನಮ್ಮ ಓಣಿಯವಳೇ, ಕೌದಿ ಮಾರುವ ಮುತ್ತೈದೆ. ಕುಂಚಿಗೆಗಳನ್ನೂ ಅವಳ ಮುಂದೆಯೇ ಹರವಿ, ಕೌದಿಗಳ ಒಟ್ಟಿಲಿನ ಹಿಂದೆ ಸೂಜಿ ಹಿಡಿದು ಕೂತೆ.

"ಬಣ್ಣ ಬಿಡ್ತೈತೇನ್ರಿ?" ಎಂದು ಒಬ್ಬಾಕೆ ಕೇಳಿದಳು.

ಕೌದಿಯವಳು ನನ್ನ ಕಡೆ ಹಿಂದಕ್ಕೆ ಬಾಗಿ, "ಅಕ್ಕಾರ, ಬಿಡ್ತೈತೇನ್ರಿ?" ಎಂದಳು.

"ಇಲ್ಲ," ಎಂದೆ ನಾನು, ಸಣ್ಣಗೆ.

"ಇಲ್ಲಂತ ನೋಡ್ರಿ."

"ಯಾರು ಹಂಗ ಅನ್ನಾಕತ್ತಾರ?"

"ನಮ್ಮ ಕೌದಿ ಅನ್ನಾಕತ್ತೈತ್ರಿ!"

ಆ ಹೆಂಗಸು ನಕ್ಕು ಮುಂದೆ ಹೋದಳು. ಮಧ್ಯಾಹ್ನದ ಹೊತ್ತಿಗೆ ನಮ್ಮವಳಿಗೆ ಸಾಕಾಗಿತ್ತು. "ನಾ ಕೌದಿ ಮಾರ್ಲ್ಯೋ, ನಿಮಗ ಬಾಯಿ ಆಗ್ಲ್ಯೋ?" ಎಂದು ಸಿಡುಕಿ, ನನ್ನೊಬ್ಬಳನ್ನೇ ಬಿಟ್ಟು ಚಹಾ ಕುಡಿಯಲು ಎದ್ದು ಹೋದಳು.

ಆಗಲೇ ಒಬ್ಬ ಎಳೆಯ ಬಾಣಂತಿ ಕೂಸನ್ನೆತ್ತಿಕೊಂಡು ಬಂದಳು. ಜೊತೆಗೆ ಅವಳ ಅಜ್ಜಿ. ಆ ಮುದುಕಿ ಪೆಂಡಾಲಿನ ಕಂಬದ ಹತ್ತಿರವೇ ನಿಂತು, ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡಳು. ಹುಡುಗಿ ಹಸಿರು ಖಣದ ಕುಂಚಿಗೆ ಎತ್ತಿದಳು.

"ಆಯಿ, ಇದು ಹೆಂಗೈತಿ?"

"ಛಲೋ ಐತಿ. ನೀನ ನೋಡವಾ."

ಹುಡುಗಿ ಒಂದೇ ಕೈಯಲ್ಲಿ ತೊಡಿಸಲು ಹೋದಳು. ಕುಂಚಿಗೆ ಜಾರಿ ಕೂಸಿನ ಮೂಗಿನ ಮೇಲೆ ಬಿತ್ತು. ಕೂಸು ಕಿರುಚಿತು.

"ಇಷ್ಟ ಕಟ್ಟ ಬಾ, ಆಯಿ."

"ನಾ ಒಲ್ಲೆವಾ. ಸೂಜಿ ಹಿಡಕೊಂಡು ಕುಂತಾರಲ್ಲ, ಅವರಿಗೆ ಹೇಳು."

"ನಮ್ಮಾಕಿ ಚಾ ಕುಡ್ಯಾಕ ಹೋಗ್ಯಾಳ್ರಿ," ಎಂದೆ ನಾನು. "ಈಗ ಬರ್ತಾಳ. ಆಕಿ ಕಟ್ತಾಳ."

ಹುಡುಗಿ ನನ್ನ ಹಣೆ ನೋಡಿದಳು, ತನ್ನ ಅಜ್ಜಿಯ ಹಣೆ ನೋಡಿದಳು. ಎರಡೂ ಬರಿದು.

"ಓಹೋ, ಹಿಂಗೇನು! ಕೈ ಖಾಲಿ ಇದ್ದಾವ್ರು ನೀವ ಇಬ್ರು. ಇಬ್ರೂ ಕೂಡಿ ನನ್ನ ಕೂಸಿನ ಉಸಿರು ಕಟ್ಟಸ್ತೀರೇನು?" ಎಂದವಳೇ ಒಟ್ಟಿಲು ಸುತ್ತಿ ಬಂದು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿಬಿಟ್ಟಳು.

ಎಣ್ಣೆ ತಿಕ್ಕಿ ಎರೆದ ಮೈ, ಇನ್ನೂ ಲೋಬಾನದ ವಾಸನೆ. ಕೂಸು ನನ್ನನ್ನೇ ನೋಡುತ್ತ ಒಂದು ಕಸಿಯನ್ನು ಬಾಯಿಗಿಟ್ಟುಕೊಂಡಿತು. ನಾನು ತಲೆ ಎತ್ತಿದೆ. ಮುದುಕಿ ಮೆಲ್ಲಗೆ ಹತ್ತಿರ ಬಂದಿದ್ದಳು. ಸೆರಗಿನಿಂದ ಕೈ ಹೊರತೆಗೆದು ಕೂಸಿನ ತಲೆಗೆ ಆನಿಸಿದಳು.

"ಮೊದಲ ಕಿವಿ ಸರಿ ಮಾಡ, ತಂಗಿ. ಮಡಚ್ಯಾವ."

ನಾನು ಸರಿ ಮಾಡಿ ಕಸಿ ಕಟ್ಟಿದೆ. ಮುದುಕಿ ಬೆರಳು ತೂರಿಸಿ ನೋಡಿ, "ಬಿಗಿ ಆತು," ಎಂದಳು. ಬಿಚ್ಚಿ ಮತ್ತೆ ಕಟ್ಟಿದೆ.

"ಈಕಿ ಹುಟ್ಟಿದಾಗ ನಾ ಒಲಿ ಮುಂದನ ಕುಂತಿದ್ನಿ," ಎಂದಳು ಮುದುಕಿ, ಮೊಮ್ಮಗಳ ಕಡೆ ತೋರಿಸಿ. "ಹೆಸರಿಡೂ ದಿನ ಈಕಿ ತಲಿ ಮುಟ್ಟಲಿಲ್ಲ."

ಹುಡುಗಿಗೆ ಅದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅಜ್ಜಿಯ ಮುಂದೆ ಬಗ್ಗಿ, "ತಗೊ, ಈಗ ಮುಟ್ಟು. ಎಣ್ಣಿ ಹಚ್ಚೇನಿ, ಕೈಗೆ ಹತ್ತಿದ್ರ ಬೈಬ್ಯಾಡ," ಎಂದಳು. ಮುದುಕಿ ಅವಳ ಬೈತಲೆಯ ಮೇಲೆ ಕೈಯಿಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ. ನಾನು ಕೂಸನ್ನು ಎದೆಗವಚಿಕೊಂಡು ಕೂತಿದ್ದೆ.

ಅವರು ಹೋದ ಮೇಲೆ ನಾನು ಮತ್ತೆ ಹಿಂದಕ್ಕೆ ಸರಿಯಲಿಲ್ಲ. ಕೌದಿಗಳನ್ನು ಒಂದು ಬದಿಗೆ ತಳ್ಳಿ ಮುಂದೆ ಕೂತೆ. ಒಬ್ಬ ಗಂಡಸು ಬಂದು ನಾಚುತ್ತ ಕುಂಚಿಗೆ ತಿರುವಿ ನೋಡತೊಡಗಿದ.

"ಇದನ್ನ ಕಟ್ಟೂದು ಹೆಂಗ್ರಿ?"

"ಕೂಸಿನ್ನ ಕೊಡ್ರಿ ಇಲ್ಲೆ, ತೋರಸ್ತೀನಿ," ಎಂದೆ.

"ಕೂಸು ಮುಧೋಳದಾಗ ಐತ್ರಿ," ಎಂದ ಅವನು. ಸ್ವಲ್ಪ ಯೋಚಿಸಿ, ಮುಷ್ಟಿ ಬಿಗಿದು ನನ್ನ ಮುಂದೆ ಹಿಡಿದ. ನಾನು ಆ ಮುಷ್ಟಿಗೇ ಕುಂಚಿಗೆ ತೊಡಿಸಿ, ಕಿವಿ ಎಲ್ಲಿ ಬರುತ್ತದೆಂದು ತೋರಿಸಿ, ಅವನ ಮಣಿಕಟ್ಟಿಗೆ ಕಸಿ ಕಟ್ಟಿದೆ.